ಸಭಾನಿಯಮಗಳ ಸಂಗ್ರಾಹಕ ಹೆನ್ರಿ ಮಾರ್ಟಿನ್ ರಾಬರ್ಟ್

ಸಭೆ ಸೇರುವುದು ಸುಲಭ. ಸೇರಿದ ಸಭೆಯನ್ನು ಸಭೆಯಾಗಿ ಉಳಿಸಿಕೊಳ್ಳುವುದು ಕಷ್ಟ. ಊರಿನ ಹಿತಕ್ಕಾಗಿ, ಶಾಲೆಯ ಏಳಿಗೆಗಾಗಿ, ಸಹಕಾರ ಸಂಘದ ಲೆಕ್ಕಪತ್ರಗಳಿಗಾಗಿ ನಾಲ್ಕು ಜನ ಸಜ್ಜನರು ಒಂದೆಡೆ ಕೂಡುತ್ತಾರೆ. ಕೂಡಿದವರಲ್ಲಿ ಕೆಟ್ಟವರು ಯಾರೂ ಇರುವುದಿಲ್ಲ. ಎಲ್ಲರ ಮನಸ್ಸಿನಲ್ಲಿಯೂ ಒಳಿತನ್ನೇ ಮಾಡಬೇಕೆಂಬ ಹಂಬಲವಿರುತ್ತದೆ. ಆದರೂ ಅರ್ಧ ತಾಸು ಕಳೆಯುವುದರೊಳಗಾಗಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ಹಿಡಿದ ವಿಷಯ ಕೈತಪ್ಪಿ ಹತ್ತು ಬೇರೆ ವಿಷಯಗಳು ತಲೆಯೆತ್ತುತ್ತವೆ. ಗಟ್ಟಿ ಗಂಟಲಿನವನ ಮಾತೇ ಸಭೆಯ ನಿರ್ಣಯವೆನಿಸಿಕೊಳ್ಳುತ್ತದೆ. ಮೆಲುದನಿಯ ವಿವೇಕಿಯು ಮನೆಗೆ ಹಿಂದಿರುಗಿ, ಇನ್ನು ಮೇಲೆ ಸಭೆಯ ಗೊಡವೆಯೇ ಬೇಡವೆಂದು ನಿಶ್ಚಯಿಸುತ್ತಾನೆ. ಹೀಗೆ ಒಡೆದುಹೋದ ಸಂಘಗಳೆಷ್ಟೋ, ಅರ್ಧಕ್ಕೆ ನಿಂತ ಸತ್ಕಾರ್ಯಗಳೆಷ್ಟೋ!

ಇದಕ್ಕೆ ಕಾರಣವು ಜನರ ದುರ್ಬುದ್ಧಿಯಲ್ಲ. ಮಾತಿಗೊಂದು ಮರ್ಯಾದೆ, ನಿರ್ಣಯಕ್ಕೊಂದು ಕ್ರಮ ಇಲ್ಲದಿರುವುದೇ ಕಾರಣವೆಂದು ಕಂಡುಕೊಂಡು, ಆ ಕ್ರಮವನ್ನು ಸಾಮಾನ್ಯರ ಕೈಗೆಟಕುವಂತೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟವನು ಅಮೆರಿಕ ದೇಶದ ಹೆನ್ರಿ ಮಾರ್ಟಿನ್ ರಾಬರ್ಟನು. ಅವನು ನ್ಯಾಯವಾದಿಯಲ್ಲ, ಶಾಸನಸಭೆಯ ಸದಸ್ಯನೂ ಅಲ್ಲ. ನದಿ, ಬಂದರು, ಕೋಟೆಗಳ ಕೆಲಸದಲ್ಲಿ ಬದುಕನ್ನು ಸವೆಸಿದ ಸೈನ್ಯದ ಎಂಜಿನಿಯರು. ಅಂತಹವನ ಹೆಸರು ಇಂದು ಅವನು ಕಟ್ಟಿಸಿದ ಕಟ್ಟಡಗಳಿಗಿಂತ ಹೆಚ್ಚಾಗಿ ಸಭೆಗಳ ನಿಯಮಗಳಿಂದಲೇ ಉಳಿದಿದೆ. ಆ ಮಹನೀಯನ ಚರಿತ್ರೆಯನ್ನು ವಾಚಕ ಮಹಾಶಯರ ಮುಂದೆ ಸಂಕ್ಷೇಪವಾಗಿ ಇಡುವೆವು.

ರಾಬರ್ಟನು ೧೮೩೭ನೆಯ ಇಸವಿ ಮೇ ೨ರಂದು ಅಮೆರಿಕದ ದಕ್ಷಿಣಭಾಗದಲ್ಲಿರುವ ಸೌತ್ ಕ್ಯಾರೊಲಿನ ಸಂಸ್ಥಾನದ ರಾಬರ್ಟ್‌ವಿಲ್ ಎಂಬ ಗ್ರಾಮದಲ್ಲಿ ಜನಿಸಿದನು. ಗ್ರಾಮಕ್ಕೆ ಆ ಹೆಸರು ಬಂದುದು ಅವನ ವಂಶದಿಂದಲೇ. ಮತದ ಕಾರಣದಿಂದ ಫ್ರಾನ್ಸ್ ದೇಶವನ್ನು ಬಿಟ್ಟು ಬಂದ ಪಿಯರ್ ರಾಬರ್ಟನೆಂಬ ಧರ್ಮೋಪದೇಶಕನು ಆ ಮನೆತನದ ಮೂಲಪುರುಷ. ಹೆನ್ರಿಯ ತಂದೆ ಜೋಸೆಫ್ ಥಾಮಸ್ ರಾಬರ್ಟನೂ ಬ್ಯಾಪ್ಟಿಸ್ಟ್ ಪಂಥದ ಉಪದೇಶಕನಾಗಿದ್ದನು. ಆ ಕಾಲದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಮನುಷ್ಯರನ್ನು ದನಗಳಂತೆ ಕೊಂಡು ಮಾರುವ ಗುಲಾಮಗಿರಿಯ ಪದ್ಧತಿ ನಡೆಯುತ್ತಿತ್ತು. ಜಮೀನುದಾರರ ಮನೆತನದಲ್ಲಿ ಹುಟ್ಟಿದ್ದರೂ ಜೋಸೆಫನಿಗೆ ಈ ಪದ್ಧತಿ ಸರಿಬೀಳಲಿಲ್ಲ. ಮಕ್ಕಳು ಆ ವಾತಾವರಣದಲ್ಲಿ ಬೆಳೆಯಬಾರದೆಂದು ಭಾವಿಸಿ, ಹೆನ್ರಿಯು ಹದಿಮೂರು ಹದಿನಾಲ್ಕು ವರ್ಷದ ಬಾಲಕನಾಗಿದ್ದಾಗ, ಹುಟ್ಟಿದ ಊರನ್ನೂ ಬಂಧುಬಳಗವನ್ನೂ ತೊರೆದು ಉತ್ತರದ ಒಹಾಯೊ ಸಂಸ್ಥಾನಕ್ಕೆ ಸಂಸಾರ ಸಮೇತ ಹೊರಟುಹೋದನು. ಮುಂದೆ ಗುಲಾಮಗಿರಿ ಅಳಿದ ಮೇಲೆ ಇದೇ ಜೋಸೆಫ್ ರಾಬರ್ಟನು ೧೮೭೧ರಿಂದ, ಬಿಡುಗಡೆ ಹೊಂದಿದ ಕರಿಯ ಜನರ ವಿದ್ಯಾಭ್ಯಾಸಕ್ಕಾಗಿ ಏರ್ಪಟ್ಟ ಒಂದು ಪಾಠಶಾಲೆಯ ಮುಖ್ಯಸ್ಥನಾಗಿ ಸೇವೆ ಸಲ್ಲಿಸಿದನು. ಆ ಶಾಲೆಯೇ ಬೆಳೆದು ಅಟ್ಲಾಂಟ ನಗರದ ಮೋರ್‌ಹೌಸ್ ಕಾಲೇಜಾಯಿತು. ಮಾರ್ಟಿನ್ ಲೂಥರ್ ಕಿಂಗ್ ಅವರು ೧೯೪೮ರಲ್ಲಿ ಪದವಿ ಪಡೆದುದು ಅಲ್ಲಿಯೇ. ಸರಿಯೆಂದು ಕಂಡುದಕ್ಕಾಗಿ ಮನೆಯನ್ನೇ ಬಿಡಬಲ್ಲ ತಂದೆಯ ಮಗ ಹೆನ್ರಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಒಹಾಯೊದಿಂದ ಹೆನ್ರಿಯು ವೆಸ್ಟ್ ಪಾಯಿಂಟ್ ಎಂಬಲ್ಲಿದ್ದ ಸೈನಿಕ ವಿದ್ಯಾಲಯಕ್ಕೆ ಆರಿಸಲ್ಪಟ್ಟು, ೧೮೫೭ರಲ್ಲಿ ತನ್ನ ತರಗತಿಯ ನಾಲ್ಕನೆಯವನಾಗಿ ತೇರ್ಗಡೆ ಹೊಂದಿದನು. ಉತ್ತಮ ವಿದ್ಯಾರ್ಥಿಗಳಿಗೆ ದೊರೆಯುತ್ತಿದ್ದ ಎಂಜಿನಿಯರ್ ದಳದಲ್ಲಿ ಅವನಿಗೆ ಸ್ಥಾನ ದೊರೆಯಿತು. ಕೆಲವು ಕಾಲ ಅದೇ ವಿದ್ಯಾಲಯದಲ್ಲಿ ಪಾಠ ಹೇಳಿ, ಅನಂತರ ಪನಾಮ ಭೂಸಂಧಿಯ ಮಾರ್ಗವಾಗಿ ದೇಶದ ಪಶ್ಚಿಮ ತೀರಕ್ಕೆ ಹೋದನು. ದಾರಿಯಲ್ಲಿ ತಗುಲಿದ ಜ್ವರವು ಬಹುಕಾಲ ಅವನನ್ನು ಬಿಡಲಿಲ್ಲ.

ಪಶ್ಚಿಮ ತೀರದಲ್ಲಿ ಒಂದು ವಿಚಿತ್ರವಾದ ಪ್ರಸಂಗ ಅವನಿಗಾಗಿ ಕಾದಿತ್ತು. ಬ್ರಿಟಿಷರೂ ಅಮೆರಿಕನರೂ ತಮ್ಮದೆಂದು ಹೇಳಿಕೊಳ್ಳುತ್ತಿದ್ದ ಸ್ಯಾನ್ ಹ್ವಾನ್ ದ್ವೀಪದಲ್ಲಿ ೧೮೫೯ರ ಜೂನ್ ತಿಂಗಳಲ್ಲಿ ಒಬ್ಬ ಅಮೆರಿಕನ್ ಒಕ್ಕಲಿಗನ ಆಲೂಗೆಡ್ಡೆಯ ಹೊಲಕ್ಕೆ ಬ್ರಿಟಿಷ್ ಕಂಪನಿಯ ಹಂದಿಯೊಂದು ನುಗ್ಗಿತು. ಅವನು ಅದನ್ನು ಗುಂಡಿಟ್ಟು ಕೊಂದನು. ಇಷ್ಟಕ್ಕೇ ಎರಡು ರಾಜ್ಯಗಳ ಸೈನ್ಯಗಳು ಎದುರೆದುರಾಗಿ ಬಂದು ನಿಂತವು. ತರುಣ ರಾಬರ್ಟನು ಅಲ್ಲಿ ಮಣ್ಣಿನ ಕೋಟೆದಿಣ್ಣೆಯೊಂದನ್ನು ಕಟ್ಟಿಸಿದನು. ಅದರ ಗುರುತುಗಳನ್ನು ಇಂದಿಗೂ ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಯುದ್ಧ ನಡೆಯಲಿಲ್ಲ. ಉಭಯ ಪಕ್ಷದ ಹಿರಿಯರು ತಾಳ್ಮೆಯಿಂದ ಮಾತನಾಡಿ, ಕೊನೆಗೆ ೧೮೭೨ರಲ್ಲಿ ಜರ್ಮನಿಯ ಚಕ್ರವರ್ತಿಯ ಮಧ್ಯಸ್ಥಿಕೆಯಲ್ಲಿ ವಿವಾದವನ್ನು ತೀರಿಸಿಕೊಂಡರು. ಒಂದು ಹಂದಿಯ ಹೊರತು ಯಾರೂ ಸಾಯಲಿಲ್ಲ.

ಎಲ್ಲ ವಿವಾದಗಳಿಗೂ ಇಂತಹ ಸುಖಾಂತವಿರುವುದಿಲ್ಲ. ೧೮೬೧ರಲ್ಲಿ ಅಮೆರಿಕದ ಉತ್ತರ ದಕ್ಷಿಣ ಸಂಸ್ಥಾನಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ರಾಬರ್ಟನ ಬಂಧುಗಳು ದಕ್ಷಿಣದವರು. ಅವನು ಮಾತ್ರ ಒಕ್ಕೂಟದ ಸರ್ಕಾರಕ್ಕೆ ಕೊಟ್ಟ ಮಾತಿಗೆ ತಪ್ಪದೆ ಉತ್ತರದ ಸೈನ್ಯದಲ್ಲಿಯೇ ನಿಂತನು. ವಾಷಿಂಗ್ಟನ್ ಮತ್ತು ಫಿಲಡೆಲ್ಫಿಯ ನಗರಗಳ ರಕ್ಷಣೆಯ ಕೆಲಸಗಳಲ್ಲಿ ದುಡಿದನು. ಆ ಯುದ್ಧದಲ್ಲಿ ಆರು ಲಕ್ಷಕ್ಕೂ ಮೇಲ್ಪಟ್ಟು ಜನ ಮಡಿದರು. ೧೮೬೫ರ ಜನವರಿಯಲ್ಲಿ ರಾಬರ್ಟನು ಹುಟ್ಟಿದ ಗ್ರಾಮವು, ಅವನು ಸೇವೆ ಮಾಡುತ್ತಿದ್ದ ಅದೇ ಪಕ್ಷದ ಸೈನಿಕರ ಕೈಯಿಂದಲೇ ಸುಟ್ಟು ಬೂದಿಯಾಯಿತು. ಕೂಡಿ ಮಾತನಾಡಿ ತೀರಿಸಿಕೊಳ್ಳಲಾಗದ ಭೇದವು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದನ್ನು ತಿಳಿಯಲು ಅವನಿಗೆ ಪುಸ್ತಕಗಳ ಅವಶ್ಯಕತೆಯಿರಲಿಲ್ಲ.

ಯುದ್ಧದ ನಡುವೆ ಹಳೆಯ ಜ್ವರ ಮರುಕಳಿಸಿದುದರಿಂದ ೧೮೬೨ರಲ್ಲಿ ಅವನನ್ನು ಮ್ಯಾಸಚೂಸೆಟ್ಸ್ ಸಂಸ್ಥಾನದ ನ್ಯೂ ಬೆಡ್‌ಫೋರ್ಡ್ ಎಂಬ ಬಂದರಿಗೆ ವರ್ಗ ಮಾಡಿದರು. ಅವನ ಬಾಳಿಗೆ ತಿರುವು ಬಂದುದು ಇಲ್ಲಿಯೇ. ೧೮೬೩ರಲ್ಲಿ ಊರಿನ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಒಂದು ಸಭೆ ಸೇರಿತು. ಮುನ್ಸೂಚನೆಯಿಲ್ಲದೆ ರಾಬರ್ಟನನ್ನೇ ಅಧ್ಯಕ್ಷಸ್ಥಾನಕ್ಕೆ ಕರೆದರು. ಆಗ ಅವನ ವಯಸ್ಸು ಇಪ್ಪತ್ತಾರು. ಸೈನ್ಯದಲ್ಲಿ ಅಧಿಕಾರ ನಡೆಸಿದವನಿಗೆ ಒಂದು ಸಭೆಯನ್ನು ನಡೆಸುವುದು ಹೆಚ್ಚೇನಲ್ಲವೆಂದು ಕರೆದವರು ಭಾವಿಸಿರಬಹುದು. ಆದರೆ ಸೈನ್ಯದಲ್ಲಿ ಆಜ್ಞೆ ನಡೆಯುತ್ತದೆ. ಸಭೆಯಲ್ಲಿ ಆಜ್ಞೆ ನಡೆಯುವುದಿಲ್ಲ. ಯಾರಿಗೆ ಮೊದಲು ಮಾತನಾಡಲು ಅವಕಾಶ, ಯಾವ ಸೂಚನೆಯನ್ನು ಮೊದಲು ಮತಕ್ಕೆ ಹಾಕಬೇಕು, ತಿದ್ದುಪಡಿಗೆ ಏನು ಮಾಡಬೇಕು ಎಂಬುದೊಂದೂ ಅವನಿಗೆ ತಿಳಿಯದು. ಸಭೆಯು ಗದ್ದಲದಲ್ಲಿ ಮುಳುಗಿತು. ಅಧ್ಯಕ್ಷನು ಎಲ್ಲರೆದುರಿಗೆ ನಾಚಿಕೆಯಿಂದ ತಲೆತಗ್ಗಿಸಬೇಕಾಯಿತು.

ಇಂತಹ ಅಪಮಾನವಾದರೆ ನಮ್ಮಲ್ಲಿ ಹಲವರು ಸಭೆಯನ್ನು ದೂರುತ್ತೇವೆ. ರಾಬರ್ಟನು ತನ್ನ ಅಜ್ಞಾನವನ್ನು ದೂರಿದನು. ಸಭಾಕ್ರಮವನ್ನು ಸ್ವಲ್ಪವಾದರೂ ಕಲಿಯುವವರೆಗೆ ಇನ್ನೊಂದು ಸಭೆಗೆ ಕಾಲಿಡುವುದಿಲ್ಲವೆಂದು ಸಂಕಲ್ಪಿಸಿದನು. ಬೇರೊಂದು ವಿಷಯವನ್ನು ಕುರಿತ ಒಂದು ಪುಸ್ತಕದಲ್ಲಿ ಈ ಬಗ್ಗೆ ನಾಲ್ಕಾರು ನಿಯಮಗಳು ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದವು. ಅವುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ವರ್ಷಗಟ್ಟಲೆ ಜೇಬಿನಲ್ಲಿಯೇ ಇಟ್ಟುಕೊಂಡು ತಿರುಗಿದನು. ಇಷ್ಟೇ ಸಾಕೆಂದು ಆಗ ಅವನು ನಂಬಿದ್ದನು.

೧೮೬೭ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ವರ್ಗವಾದಾಗ ಆ ಚೀಟಿ ಸಾಲದೆಂದು ತಿಳಿಯಿತು. ಚಿನ್ನ ದೊರೆತ ಕಾಲದಿಂದ ದೇಶದ ಎಲ್ಲ ಸಂಸ್ಥಾನಗಳ ಜನರೂ ಬಂದು ನೆಲಸಿದ್ದ ಊರದು. ರಾಬರ್ಟ ದಂಪತಿಗಳು ದೇವಾಲಯದ ಕಾರ್ಯದಲ್ಲಿಯೂ ಪರೋಪಕಾರದ ಸಂಘಗಳಲ್ಲಿಯೂ ಆಸಕ್ತಿಯಿಂದ ಭಾಗವಹಿಸುತ್ತಿದ್ದರು. ಅಲ್ಲಿ ಸೇರಿದ ಒಬ್ಬೊಬ್ಬ ಸಜ್ಜನನೂ ತನ್ನ ತನ್ನ ಊರಿನ ಪದ್ಧತಿಯೇ ಸರಿಯಾದ ಸಭಾಪದ್ಧತಿಯೆಂದು ದೃಢವಾಗಿ ನಂಬಿದ್ದನು. ಒಂದು ಊರಿನಲ್ಲಿ ಕ್ರಮವೆನಿಸಿದುದು ಇನ್ನೊಂದು ಊರಿನಲ್ಲಿ ಕ್ರಮಲೋಪವೆನಿಸಿತ್ತು. ಹೀಗಾಗಿ, ಮಾಡಬೇಕಾದ ಕೆಲಸ ಯಾವುದೆಂಬ ಚರ್ಚೆಗಿಂತ ಚರ್ಚಿಸುವ ಬಗೆ ಯಾವುದೆಂಬ ಜಗಳದಲ್ಲಿಯೇ ಕಾಲ ಕಳೆಯುತ್ತಿತ್ತು. ಸತ್ಕಾರ್ಯಕ್ಕೆಂದು ಸೇರಿದವರು ಕಾರ್ಯವನ್ನು ಮುಟ್ಟದೆಯೇ ಎದ್ದುಹೋಗುತ್ತಿದ್ದರು.

ರಾಬರ್ಟನು ಪುಸ್ತಕಗಳನ್ನು ಹುಡುಕಿದನು. ಥಾಮಸ್ ಜೆಫರ್‌ಸನ್ನನು ಅಮೆರಿಕದ ಉಪಾಧ್ಯಕ್ಷನಾಗಿ ಸೆನೆಟ್ ಸಭೆಯನ್ನು ನಡೆಸುತ್ತಿದ್ದಾಗ ತನ್ನ ಉಪಯೋಗಕ್ಕೆಂದು ರಚಿಸಿ ೧೮೦೧ರಲ್ಲಿ ಪ್ರಕಟಿಸಿದ ಕೈಪಿಡಿಯೊಂದಿತ್ತು. ಅದರ ಬುಡವು ಇಂಗ್ಲೆಂಡಿನ ಪಾರ್ಲಿಮೆಂಟಿನ ಪದ್ಧತಿಯಲ್ಲಿತ್ತು. ಮ್ಯಾಸಚೂಸೆಟ್ಸಿನ ಶಾಸನಸಭೆಯಲ್ಲಿ ಕಾರ್ಯದರ್ಶಿಯಾಗಿದ್ದ ಲೂಥರ್ ಕುಷಿಂಗನ ಕೈಪಿಡಿ ಇನ್ನೊಂದು. ದೇಶದ ಪ್ರತಿನಿಧಿಸಭೆಯ ನಿಯಮಗಳು ಬೇರೆ. ಇವೆಲ್ಲವನ್ನೂ ಎದುರಿಗಿಟ್ಟುಕೊಂಡು ನೋಡಿದರೆ, ಶಾಸ್ತ್ರಕಾರರಲ್ಲಿಯೇ ಒಮ್ಮತವಿರಲಿಲ್ಲ. ಮೇಲಾಗಿ ಇವು ಶಾಸನಸಭೆಗಳಿಗೆ ತಕ್ಕವು. ಶಾಸನಸಭೆಯು ತಿಂಗಳುಗಟ್ಟಲೆ ಕೂಡುತ್ತದೆ, ಅದರ ಸದಸ್ಯರಿಗೆ ಅದೇ ಉದ್ಯೋಗ. ದಿನದ ಕೆಲಸ ಮುಗಿಸಿ ಸಾಯಂಕಾಲ ಒಂದೆರಡು ತಾಸು ಕೂಡುವ ಗೃಹಸ್ಥರ ಸಂಘಕ್ಕೆ ಆ ಭಾರವಾದ ಉಡುಪು ಹೊಂದುವುದಿಲ್ಲ. ಸಾಮಾನ್ಯ ಸಂಘಗಳಿಗೆ ತಕ್ಕ, ಆದರೆ ಶಾಸನಸಭೆಗಳ ಅನುಭವದ ಸಾರವನ್ನು ಬಿಡದ, ಒಂದು ನಿಯಮಾವಳಿ ಬೇಕೆಂದು ಅವನಿಗೆ ಹೊಳೆಯಿತು. ಮೊದಲು ಹದಿನಾರು ಪುಟಗಳ ಒಂದು ಚಿಕ್ಕ ಹೊತ್ತಗೆಯನ್ನು ಅಚ್ಚು ಹಾಕಿಸಿ ತನಗೆ ಪರಿಚಿತವಾದ ಸಂಘಗಳಿಗೆ ಹಂಚಿದನು. ಸರ್ಕಾರಿ ಕೆಲಸದ ಒತ್ತಡದಲ್ಲಿ ದೊಡ್ಡ ಪುಸ್ತಕ ಮುಂದೆ ಬಿತ್ತು.

ಅದಕ್ಕೆ ಕಾಲ ಒದಗಿದುದು ೧೮೭೪ರ ಚಳಿಗಾಲದಲ್ಲಿ. ಆಗ ಅವನು ಮಿಶಿಗನ್ ಮಹಾಸರೋವರದ ದಡದಲ್ಲಿರುವ ಮಿಲ್ವಾಕೀ ನಗರದಲ್ಲಿ ಬಂದರಿನ ಕೆಲಸಗಳ ಮೇಲ್ವಿಚಾರಕನಾಗಿದ್ದನು. ಕಡುಶೀತದಿಂದ ನೀರು ಹೆಪ್ಪುಗಟ್ಟಿ ಕೆಲಸಗಳು ನಿಂತವು. ಸುಮಾರು ಮೂರು ತಿಂಗಳ ಬಿಡುವು ದೊರೆಯಿತು. ಆ ಬಿಡುವನ್ನು ರಾಬರ್ಟನು ಬರವಣಿಗೆಗೆ ಮುಡಿಪಾಗಿಟ್ಟನು. ಅವನ ಧರ್ಮಪತ್ನಿ ಹೆಲೆನಳ ಸಹಾಯವನ್ನು ಇಲ್ಲಿ ನೆನೆಯದಿದ್ದರೆ ಚರಿತ್ರೆ ಅಪೂರ್ಣವಾಗುತ್ತದೆ. ೧೮೬೦ರಲ್ಲಿ ಅವನ ಕೈಹಿಡಿದ ಆಕೆಯು ಹಸ್ತಪ್ರತಿಯನ್ನು ಓದಿ, ಇದು ಬಲ್ಲವರಿಗೆ ಸರಿ, ಆದರೆ ಸಭೆಯನ್ನೇ ಕಾಣದವರಿಗೆ ಇದರಿಂದ ದಾರಿ ತೋರದೆಂದು ಸೂಚಿಸಿದಳು. ಸಂಘವನ್ನು ಹೇಗೆ ಸ್ಥಾಪಿಸಬೇಕು, ಅಧ್ಯಕ್ಷನು ಏನು ನುಡಿಯಬೇಕು, ಕಾರ್ಯದರ್ಶಿ ಏನು ಬರೆಯಬೇಕು ಎಂಬುದನ್ನು ಹೊಸಬರಿಗೆ ತಿಳಿಯುವಂತೆ ಹೇಳುವ ಎರಡನೆಯ ಭಾಗವು ಸೇರಿದುದು ಆಕೆಯ ಸಲಹೆಯಿಂದ.

ಪುಸ್ತಕ ಸಿದ್ಧವಾದರೂ ಪ್ರಕಟಿಸಲು ಯಾರೂ ಮುಂದೆ ಬರಲಿಲ್ಲ. ಸೈನ್ಯದ ಎಂಜಿನಿಯರನು ಬರೆದ ಸಭಾಶಾಸ್ತ್ರವನ್ನು ಯಾರು ಕೊಂಡಾರು? ರಾಬರ್ಟನು ಎದೆಗುಂದದೆ ತನ್ನ ಸ್ವಂತ ಹಣದಿಂದ ೪,೦೦೦ ಪ್ರತಿಗಳನ್ನು ಮಿಲ್ವಾಕೀಯಲ್ಲಿಯೇ ಅಚ್ಚು ಮಾಡಿಸಿದನು. ಚಿಕಾಗೊ ನಗರದ ಎಸ್. ಸಿ. ಗ್ರಿಗ್ಸ್ ಎಂಬ ಪ್ರಕಾಶಕರು ಮಾರಾಟಕ್ಕೆ ಒಪ್ಪಿಕೊಂಡರು. ೧೮೭೬ನೆಯ ಇಸವಿ ಫೆಬ್ರವರಿ ೧೯ರಂದು ೧೭೬ ಪುಟಗಳ ಆ ಕಿರುಪುಸ್ತಕ ಹೊರಬಂದಿತು. ಬೆಲೆ ಮುಕ್ಕಾಲು ಡಾಲರು. ೧,೦೦೦ ಪ್ರತಿಗಳನ್ನು ದೇಶದಾದ್ಯಂತ ಸಭಾಕಾರ್ಯದಲ್ಲಿ ಪಳಗಿದವರಿಗೆ ಉಚಿತವಾಗಿ ಕಳುಹಿಸಿಕೊಟ್ಟರು. ಮೊದಲನೆಯ ಮುದ್ರಣ ಎರಡು ವರ್ಷಕ್ಕೆ ಸಾಕೆಂದು ಎಣಿಸಿದ್ದರೆ, ನಾಲ್ಕೇ ತಿಂಗಳಲ್ಲಿ ಮುಗಿದುಹೋಯಿತು! ಅದೇ ವರ್ಷದ ಜುಲೈ ತಿಂಗಳಲ್ಲಿ ಎರಡನೆಯ ಆವೃತ್ತಿ ಬಂದಿತು. ಪ್ರಕಾಶಕರು ಹೊದಿಕೆಯ ಮೇಲೆ ಅಚ್ಚು ಮಾಡಿಸಿದ ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಎಂಬ ಹೆಸರೇ ಲೋಕದಲ್ಲಿ ನಿಂತಿತು.

ಆ ಪುಸ್ತಕದಲ್ಲಿರುವುದೇನು? ನಿಯಮಗಳು ನೂರಾರು; ಅವುಗಳ ತಿರುಳು ಕೆಲವೇ. ಒಂದು ದೃಷ್ಟಾಂತದಿಂದ ನೋಡೋಣ. ಊರಿನ ಶಾಲೆಗೆ ಒಂದು ಕೊಠಡಿಯನ್ನು ಕಟ್ಟಿಸಬೇಕೆಂದು ಒಬ್ಬ ಸದಸ್ಯನಿಗೆ ತೋರುತ್ತದೆ. ಅವನು ಕುಳಿತಲ್ಲಿಂದಲೇ ಪಕ್ಕದವನೊಡನೆ ವಾದಕ್ಕೆ ತೊಡಗುವಂತಿಲ್ಲ. ಎದ್ದು ನಿಂತು, ಅಧ್ಯಕ್ಷನನ್ನು ಸಂಬೋಧಿಸಿ, ಅವನ ಅನುಮತಿ ಪಡೆದು, ತನ್ನ ಅಭಿಪ್ರಾಯವನ್ನು ಗೊತ್ತುವಳಿಯ ರೂಪದಲ್ಲಿ ಖಚಿತವಾದ ಮಾತುಗಳಿಂದ ಮಂಡಿಸಬೇಕು. ಇನ್ನೊಬ್ಬನು ಅನುಮೋದಿಸಬೇಕು. ಒಬ್ಬನ ಚಪಲಕ್ಕಾಗಿ ಇಡೀ ಸಭೆಯ ಕಾಲ ವ್ಯಯವಾಗಬಾರದು, ಕಡೆಗೆ ಇಬ್ಬರಾದರೂ ವಿಷಯವು ಚರ್ಚೆಗೆ ಯೋಗ್ಯವೆಂದು ಭಾವಿಸಬೇಕೆಂಬುದೇ ಅನುಮೋದನೆಯ ಅರ್ಥ. ಆಮೇಲೆ ಅಧ್ಯಕ್ಷನು ಗೊತ್ತುವಳಿಯನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತಾನೆ. ಆ ಕ್ಷಣದಿಂದ ಅದು ಮಂಡಿಸಿದವನ ಸೊತ್ತಲ್ಲ, ಸಭೆಯ ಸೊತ್ತು.

ಇನ್ನು ಚರ್ಚೆ. ಸಭೆಯ ಮುಂದೆ ಒಂದು ವಿಷಯವಿರುವಾಗ ಇನ್ನೊಂದು ಹೊಸ ವಿಷಯಕ್ಕೆ ಪ್ರವೇಶವಿಲ್ಲ. ಕೊಠಡಿಯ ಮಾತು ನಡೆದಿರುವಾಗ ಹೋದ ವರ್ಷದ ಜಾತ್ರೆಯ ಲೆಕ್ಕವನ್ನು ಯಾರಾದರೂ ತೆಗೆದರೆ, ಅದು ಕ್ರಮವಲ್ಲವೆಂದು ಅಧ್ಯಕ್ಷನು ತಡೆಯಬೇಕು. ಅಧ್ಯಕ್ಷನು ಮರೆತರೆ ಸದಸ್ಯರಲ್ಲಿ ಯಾರು ಬೇಕಾದರೂ ಎದ್ದು ನೆನಪಿಸಬಹುದು. ಒಂದು ವಿಷಯದ ಮೇಲೆ ಒಬ್ಬನಿಗೆ ಒಂದು ದಿನದಲ್ಲಿ ಎರಡೇ ಸಲ ಮಾತನಾಡುವ ಅವಕಾಶ, ಒಂದು ಸಲಕ್ಕೆ ಹತ್ತು ನಿಮಿಷ. ಮೊದಲ ಸಲವೇ ಮಾತನಾಡದವರು ಅವಕಾಶ ಕೇಳುತ್ತಿರುವಾಗ ಯಾರಿಗೂ ಎರಡನೆಯ ಸಲ ಮಾತನಾಡುವ ಅಧಿಕಾರವಿಲ್ಲ. ಊರಿನ ದೊಡ್ಡ ಮನೆಯವನಾಗಲಿ, ನಿನ್ನೆ ಸೇರಿದ ಬಡ ಸದಸ್ಯನಾಗಲಿ, ಈ ನಿಯಮದ ಮುಂದೆ ಸಮಾನರು. ಗಟ್ಟಿ ಗಂಟಲಿಗೆ ಲಗಾಮು, ಮೆಲುದನಿಗೆ ಆಸರೆ. ಮಾತು ವಿಷಯವನ್ನು ಕುರಿತಿರಬೇಕು, ಆಡುವ ವ್ಯಕ್ತಿಯನ್ನಲ್ಲ. ಕೊಠಡಿ ಬೇಡವೆನ್ನುವವನು ಅದರ ಖರ್ಚನ್ನು ಆಕ್ಷೇಪಿಸಬಹುದು. ಗುತ್ತಿಗೆಯ ಆಸೆಯಿಂದ ಇವನು ಈ ಮಾತನ್ನು ಎತ್ತಿದ್ದಾನೆಂದು ಹಂಗಿಸುವಂತಿಲ್ಲ. ಅದಕ್ಕಾಗಿಯೇ ಎಲ್ಲರೂ ಅಧ್ಯಕ್ಷನನ್ನು ಉದ್ದೇಶಿಸಿಯೇ ಮಾತನಾಡಬೇಕು, ಪರಸ್ಪರ ಮುಖ ನೋಡಿ ಜಗಳವಾಡಬಾರದೆಂಬ ಕಟ್ಟಳೆ ಇದೆ.

ಒಂದು ಕೊಠಡಿ ಸಾಲದು, ಎರಡು ಬೇಕೆಂದು ಯಾರಾದರೂ ಹೇಳಿದರೆ ಅದು ತಿದ್ದುಪಡಿ. ಆ ತಿದ್ದುಪಡಿಗೆ ಇನ್ನೊಂದು ತಿದ್ದುಪಡಿಯನ್ನು ತರಬಹುದು. ಮೂರನೆಯ ಮೆಟ್ಟಿಲಿಗೆ ಅವಕಾಶವಿಲ್ಲ, ಏಕೆಂದರೆ ಅಲ್ಲಿಗೆ ಮೂಲವೇ ಮರೆತುಹೋಗುತ್ತದೆ. ಮೊದಲು ತಿದ್ದುಪಡಿಯ ತಿದ್ದುಪಡಿ, ಆಮೇಲೆ ತಿದ್ದುಪಡಿ, ಕೊನೆಗೆ ಮೂಲ ಗೊತ್ತುವಳಿ, ಹೀಗೆ ಗಂಟುಗಳನ್ನು ಹಾಕಿದ ಕ್ರಮಕ್ಕೆ ವಿರುದ್ಧವಾದ ಕ್ರಮದಲ್ಲಿ ಬಿಚ್ಚಬೇಕು. ಸಾಕಷ್ಟು ವಿವರ ದೊರೆಯದಿದ್ದರೆ ವಿಷಯವನ್ನು ಉಪಸಮಿತಿಗೆ ಒಪ್ಪಿಸಬಹುದು, ಇಲ್ಲವೇ ಗೊತ್ತಾದ ದಿನಕ್ಕೆ ಮುಂದೂಡಬಹುದು. ಇವುಗಳಲ್ಲಿ ಯಾವುದು ಯಾವುದಕ್ಕಿಂತ ಮುಂಚೆ ಬರಬೇಕೆಂಬ ಪಟ್ಟಿಯನ್ನು ರಾಬರ್ಟನು ಎಂಜಿನಿಯರನಿಗೆ ಸಹಜವಾದ ಖಚಿತತೆಯಿಂದ ಜೋಡಿಸಿಟ್ಟನು.

ಅವನ ನಿಯಮಗಳಲ್ಲಿ ಅತ್ಯಂತ ಮನನೀಯವಾದುದು ಬಹುಮತಕ್ಕೂ ಅಲ್ಪಮತಕ್ಕೂ ನಡುವೆ ಹಿಡಿದ ತಕ್ಕಡಿ. ಗೊತ್ತುವಳಿಯನ್ನು ಅಂಗೀಕರಿಸಲು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಸಾಕು. ಆದರೆ ಚರ್ಚೆಯನ್ನು ನಿಲ್ಲಿಸಿ ಬಾಯಿ ಮುಚ್ಚಿಸಲು ಅಷ್ಟು ಸಾಲದು, ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು. ಬಹುಮತಕ್ಕೆ ನಿರ್ಣಯಿಸುವ ಹಕ್ಕುಂಟು, ಅಲ್ಪಮತದವರ ಮಾತನ್ನು ಕೇಳದೆಯೇ ನಿರ್ಣಯಿಸುವ ಹಕ್ಕಿಲ್ಲ. ಅಲ್ಪಮತಕ್ಕೆ ತನ್ನ ಮಾತನ್ನು ಹೇಳುವ ಹಕ್ಕುಂಟು, ಕಾರ್ಯವನ್ನು ಕೊನೆಯಿಲ್ಲದೆ ತಡೆದು ನಿಲ್ಲಿಸುವ ಹಕ್ಕಿಲ್ಲ. ನಿರ್ಣಯವಾದುದನ್ನು ಪುನರ್ವಿಮರ್ಶೆಗೆ ತರಬೇಕಾದರೆ ಗೆದ್ದ ಪಕ್ಷಕ್ಕೆ ಮತವಿತ್ತವನೇ ತರಬೇಕು. ಸೋತವನು ಮೇಲಿಂದ ಮೇಲೆ ಅದನ್ನೇ ಎತ್ತುತ್ತಿದ್ದರೆ ಸಭೆಗೆ ಬಿಡುಗಡೆಯಿಲ್ಲ.

ಅಧ್ಯಕ್ಷನಿಗೂ ಕಟ್ಟುಪಾಡುಗಳುಂಟು. ಪೀಠದಲ್ಲಿರುವವರೆಗೆ ಅವನು ಚರ್ಚೆಯಲ್ಲಿ ಪಕ್ಷ ವಹಿಸಬಾರದು. ಮಾತನಾಡಲೇಬೇಕಾದರೆ ಪೀಠವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಕೆಳಗಿಳಿಯಬೇಕು. ಗುಪ್ತ ಮತದಾನದಲ್ಲಿ, ಅಥವಾ ತನ್ನ ಮತದಿಂದ ಫಲಿತಾಂಶ ಬದಲಾಗುವ ಪ್ರಸಂಗದಲ್ಲಿ ಮಾತ್ರ ಅವನು ಮತ ನೀಡಬಹುದು. ಕಾರ್ಯದರ್ಶಿಯು ನಡವಳಿಯ ಪುಸ್ತಕದಲ್ಲಿ ಸಭೆ ಮಾಡಿದುದನ್ನು ಬರೆಯಬೇಕೇ ಹೊರತು ಆಡಿದುದೆಲ್ಲವನ್ನೂ ಬರೆಯಬಾರದು. ಬೇರೆ ನಿಯಮವಿಲ್ಲದಿದ್ದರೆ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಜರಿಲ್ಲದೆ ಕೋರಂ ಆಗುವುದಿಲ್ಲ. ಕೋರಂ ಇಲ್ಲದೆ ನಾಲ್ವರು ಕೂಡಿ ಇಡೀ ಸಂಘವನ್ನು ಕಟ್ಟಿಹಾಕುವಂತಿಲ್ಲ. ಇಷ್ಟೆಲ್ಲ ಬರೆದ ರಾಬರ್ಟನೇ ಅಧ್ಯಕ್ಷನಿಗೆ ಇನ್ನೊಂದು ಹಿತವಚನವನ್ನೂ ಹೇಳಿದ್ದಾನೆ: ನಿಯಮಗಳನ್ನು ಚೆನ್ನಾಗಿ ತಿಳಿದಿರಬೇಕು, ಆದರೆ ತಿಳಿವಳಿಕೆಯನ್ನು ಮೆರೆಸಬಾರದು, ಸಭೆಯ ಹಿತಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚು ಬಿಗಿ ಮಾಡಬಾರದು ಎಂಬುದು ಅದರ ಭಾವ. ಶಾಸ್ತ್ರವನ್ನು ಬಲ್ಲವನು ಅದನ್ನು ದೊಣ್ಣೆಯಂತೆ ಬೀಸಿದರೆ, ಶಾಸ್ತ್ರವಿಲ್ಲದ ಗದ್ದಲಕ್ಕಿಂತ ಅದು ಕೇಡು.

ಪುಸ್ತಕದಿಂದ ಹೆಸರು ಬಂದರೂ ರಾಬರ್ಟನು ತನ್ನ ವೃತ್ತಿಯನ್ನು ಅಲಕ್ಷಿಸಲಿಲ್ಲ. ನದಿಗಳಲ್ಲಿ ಹಡಗಿನ ದಾರಿಗಳನ್ನೂ ಬಂದರುಗಳನ್ನೂ ಸುಧಾರಿಸಿದನು. ೧೮೯೦ರಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಆಡಳಿತ ನಡೆಸುವ ಕಮಿಷನರರಲ್ಲಿ ಒಬ್ಬನಾದನು. ೧೮೯೫ರಲ್ಲಿ ಹೆಲೆನಳು ತೀರಿಕೊಂಡಳು. ೧೯೦೧ರಲ್ಲಿ ಸೈನ್ಯದ ಎಂಜಿನಿಯರ್ ದಳದ ಮುಖ್ಯಸ್ಥನಾಗಿ, ಬ್ರಿಗೇಡಿಯರ್ ಜನರಲ್ ಪದವಿಗೇರಿ, ಅರವತ್ತನಾಲ್ಕನೆಯ ವಯಸ್ಸು ತುಂಬಿದ ಮೇ ೨ರಂದು ನಿವೃತ್ತನಾದನು.

ನಿವೃತ್ತಿಯ ನಂತರವೇ ಅವನ ದೊಡ್ಡ ಕೆಲಸವೊಂದು ನಡೆಯಿತು. ೧೯೦೦ನೆಯ ಇಸವಿ ಸೆಪ್ಟೆಂಬರ್ ೮ರಂದು ಟೆಕ್ಸಾಸ್ ಸಂಸ್ಥಾನದ ಗ್ಯಾಲ್ವೆಸ್ಟನ್ ಎಂಬ ದ್ವೀಪನಗರದ ಮೇಲೆ ಚಂಡಮಾರುತವೆರಗಿ, ಸಮುದ್ರವು ಊರನ್ನೇ ನುಂಗಿ, ಆರು ಸಾವಿರಕ್ಕೂ ಹೆಚ್ಚು ಜನರು ಪ್ರಾಣ ಬಿಟ್ಟಿದ್ದರು. ಊರನ್ನು ರಕ್ಷಿಸುವ ಉಪಾಯ ಹೇಳಲು ಮೂವರು ಎಂಜಿನಿಯರುಗಳ ಮಂಡಲಿಯೊಂದನ್ನು ನೇಮಿಸಿದರು, ರಾಬರ್ಟನು ಅವರಲ್ಲೊಬ್ಬ. ಸಮುದ್ರಕ್ಕೆದುರಾಗಿ ಹದಿನೇಳು ಅಡಿ ಎತ್ತರದ, ಮೂರು ಮೈಲಿಗಿಂತ ಉದ್ದವಾದ ಕಾಂಕ್ರೀಟು ಗೋಡೆಯನ್ನು ಕಟ್ಟಬೇಕು, ಅಷ್ಟೇ ಅಲ್ಲದೆ ಊರಿನ ನೆಲವನ್ನೇ ಎತ್ತರಿಸಬೇಕೆಂದು ಮಂಡಲಿಯು ೧೯೦೨ರಲ್ಲಿ ಸೂಚಿಸಿತು. ಗೋಡೆಯು ೧೯೦೪ರಲ್ಲಿ ಮುಗಿಯಿತು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕುಗಳಿಂದ ಮೇಲೆತ್ತಿ, ಕೆಳಗೆ ಮರಳನ್ನು ತುಂಬಿದರು. ೧೯೧೫ರಲ್ಲಿ ಅಂತಹುದೇ ಬಿರುಗಾಳಿ ಬಂದಾಗ ಗೋಡೆ ನಿಂತಿತು, ಊರು ಉಳಿಯಿತು.

ಅದೇ ೧೯೧೫ರಲ್ಲಿ ಅವನ ಪುಸ್ತಕದ ಪರಿಷ್ಕೃತ ಆವೃತ್ತಿಯೂ ಹೊರಬಂದಿತು. ಆ ವೇಳೆಗೆ ಐದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ದೇಶದ ಮೂಲೆಮೂಲೆಗಳಿಂದ ಸಂಘಗಳವರು ತಮ್ಮ ತೊಡಕುಗಳನ್ನು ವಿವರಿಸಿ ನೂರಾರು ಪತ್ರಗಳನ್ನು ಬರೆದಿದ್ದರು. ಆ ಸಂದೇಹಗಳನ್ನೆಲ್ಲ ಮುಂದಿಟ್ಟುಕೊಂಡು, ಎಪ್ಪತ್ತೈದು ದಾಟಿದ ವೃದ್ಧನು ಸುಮಾರು ಮೂರು ವರ್ಷ ಶ್ರಮಿಸಿ ಪುಸ್ತಕವನ್ನು ಹೊಸದಾಗಿ ಕಟ್ಟಿದನು. ನಿವೃತ್ತಿಯ ವರ್ಷದಲ್ಲಿ ಕೈಹಿಡಿದ ಎರಡನೆಯ ಪತ್ನಿ ಇಸಬೆಲ್ ಹೋಗ್‌ಲೆಂಡಳು ಅವನಿಗೆ ಬೆಂಬಲವಾಗಿದ್ದಳು. ಹೊಸಬರಿಗಾಗಿ ಇನ್ನೊಂದು ಪುಸ್ತಕವನ್ನು ೧೯೨೧ರಲ್ಲಿಯೂ, ವಿಸ್ತಾರವಾದ ಶಾಸ್ತ್ರಗ್ರಂಥವನ್ನು ೧೯೨೩ರಲ್ಲಿಯೂ ಪ್ರಕಟಿಸಿದನು. ಅದೇ ೧೯೨೩ರ ಮೇ ೧೧ರಂದು ನ್ಯೂಯಾರ್ಕ್ ಸಂಸ್ಥಾನದ ಹಾರ್ನೆಲ್ ಎಂಬ ಊರಿನಲ್ಲಿ, ಎಂಬತ್ತಾರು ವರ್ಷಗಳ ತುಂಬು ಬಾಳನ್ನು ಮುಗಿಸಿದನು. ಆರ್ಲಿಂಗ್ಟನ್ನಿನ ರಾಷ್ಟ್ರೀಯ ರುದ್ರಭೂಮಿಯಲ್ಲಿ ಅವನ ಸಮಾಧಿಯಿದೆ. ಅವನ ಸೊಸೆ ಸಾರಾ ಕಾರ್ಬಿನ್ ರಾಬರ್ಟಳು ೧೯೭೦ರ ಆವೃತ್ತಿಯನ್ನು ಸಿದ್ಧಪಡಿಸಿದಳು. ಅನಂತರ ಮೊಮ್ಮಗನೂ ಆ ಕಾರ್ಯಕ್ಕೆ ಹೆಗಲು ಕೊಟ್ಟನು. ಹನ್ನೆರಡನೆಯ ಆವೃತ್ತಿ ೨೦೨೦ರಲ್ಲಿ ಬಂದಿದೆ.

ನಮ್ಮ ದೇಶದ ಲೋಕಸಭೆಗೂ ವಿಧಾನಸಭೆಗಳಿಗೂ ರಾಬರ್ಟನ ಪುಸ್ತಕ ಪ್ರಮಾಣವಲ್ಲ. ಸಂವಿಧಾನದ ೧೧೮ ಮತ್ತು ೨೦೮ನೆಯ ಅನುಚ್ಛೇದಗಳ ಪ್ರಕಾರ ಅವು ತಮ್ಮ ನಿಯಮಗಳನ್ನು ತಾವೇ ಮಾಡಿಕೊಳ್ಳುತ್ತವೆ. ಆದರೆ ಎರಡರ ಮೂಲವೂ ಇಂಗ್ಲೆಂಡಿನ ಪಾರ್ಲಿಮೆಂಟಿನ ಹಳೆಯ ಸಂಪ್ರದಾಯವೇ ಆದುದರಿಂದ ತಿರುಳಿನಲ್ಲಿ ಹೋಲಿಕೆಯುಂಟು. ರಾಬರ್ಟನ ದೃಷ್ಟಿ ಇದ್ದುದು ಆಳುವವರ ಸಭೆಗಳ ಮೇಲಲ್ಲ, ನಮ್ಮಂತಹ ಗೃಹಸ್ಥರ ಸಂಘಗಳ ಮೇಲೆ. ಆದುದರಿಂದಲೇ ಅವನ ಚರಿತ್ರೆ ನಮಗೆ ಉಪಯುಕ್ತ.

ಸಜ್ಜನರೇ, ನಮ್ಮ ಸಂಘಗಳಲ್ಲಿ ಈ ಕ್ರಮವನ್ನು ತರಲು ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಸಭೆಗೆ ಮುಂಚೆ ಕಾರ್ಯಸೂಚಿಯನ್ನು ಎಲ್ಲರಿಗೂ ತಿಳಿಸೋಣ. ಒಂದು ಸಲಕ್ಕೆ ಒಂದೇ ವಿಷಯವನ್ನು ಹಿಡಿಯೋಣ. ಮಾತನಾಡಿದವನು ಮತ್ತೊಮ್ಮೆ ಮಾತನಾಡುವ ಮೊದಲು, ಮೂಲೆಯಲ್ಲಿ ಸುಮ್ಮನೆ ಕುಳಿತವರ ಕಡೆಗೆ ತಿರುಗಿ, ನಿಮ್ಮ ಅಭಿಪ್ರಾಯವೇನೆಂದು ಅಧ್ಯಕ್ಷನು ವಿಚಾರಿಸಲಿ. ತಾಯಂದಿರೂ ತರುಣರೂ ಸದಸ್ಯರಾಗಿದ್ದರೆ ಅವರ ಮಾತಿಗೂ ಅಷ್ಟೇ ಕಾಲ ಸಲ್ಲಲಿ. ನಿರ್ಣಯವನ್ನು ನಡವಳಿಯಲ್ಲಿ ಬರೆದು ಓದಿ ಹೇಳೋಣ. ಸೋತವರು ಮುನಿಯದೆ, ಗೆದ್ದವರು ಬೀಗದೆ, ನಿರ್ಣಯವಾದುದನ್ನು ಎಲ್ಲರೂ ತಮ್ಮದೆಂದೇ ನಡೆಸೋಣ. ತನ್ನ ಮಾತನ್ನು ಎಲ್ಲರೂ ಕೇಳಿದರೆಂಬ ತೃಪ್ತಿಯಿದ್ದರೆ, ಸೋತವನೂ ನಾಳೆ ಇಟ್ಟಿಗೆ ಹೊರಲು ಬರುತ್ತಾನೆ. ಕೇಳದೆ ತಳ್ಳಿದರೆ ಗೆದ್ದವರೇ ಒಂಟಿಯಾಗಿ ಹೊರಬೇಕಾಗುತ್ತದೆ. ಕಟ್ಟಿದ ಕೊಠಡಿ ಎಂದಾದರೂ ಬಿದ್ದರೆ ಮತ್ತೆ ಕಟ್ಟಬಹುದು. ಒಡೆದ ಸಂಘವನ್ನು ಕೂಡಿಸುವುದು ಅಷ್ಟು ಸುಲಭವಲ್ಲ. ಸಭಾಮರ್ಯಾದೆಯನ್ನು ಕಾಯುವುದೆಂದರೆ ಆ ಸಂಘವನ್ನೇ ಕಾಯುವುದೆಂದು ತಿಳಿದು ನಡೆಯೋಣ.